ಅಮ್ಮನ ಜನನ ದಾಖಲೆ ಎನ್‌ವಿಸಿಯಿಂದ ಎರಡು ಸಲ ವಾಪಸ್, ಎಲ್ಲಿ ತಪ್ಪಿದ್ದೇನೆ?

ತೆಂಗಿನಸೀಮೆ:
ನಮಸ್ಕಾರ. ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಅಮೆರಿಕದ ಸಿಟಿಜನ್. ಅಪ್ಪ ಅಮ್ಮನನ್ನು ಕಾಯಂ ಆಗಿ ಇಲ್ಲಿಗೆ ಕರೆಸಿಕೊಳ್ಳಲು ಬೇರೆ ಬೇರೆ ಐ-130 ಅರ್ಜಿ ಹಾಕಿದ್ದೆ. ಎರಡೂ ಪಾಸಾಗಿ ಎನ್‌ವಿಸಿಗೆ (ಸಂದರ್ಶನಕ್ಕೆ ಮೊದಲು ದಾಖಲೆ ನೋಡುವ ನ್ಯಾಷನಲ್ ವೀಸಾ ಸೆಂಟರ್) ಬಂದಿವೆ. ಫೀ ಕಟ್ಟಿದ್ದಾಯಿತು, ಡಿಎಸ್-260 ವೀಸಾ ಫಾರಂ ತುಂಬಿದ್ದಾಯಿತು. ಅಪ್ಪನದು ಡಿಕ್ಯೂ ಆಗಿದೆ, ಅಂದರೆ ದಾಖಲೆ ಎಲ್ಲ ಒಪ್ಪಿ ಸಂದರ್ಶನದ ಸರದಿಗೆ ಹೋಗಿದೆ. ಅಮ್ಮನ ಬರ್ತ್ ಸರ್ಟಿಫಿಕೇಟ್ ಒಂದೇ ಎರಡು ಸಲ ರಿಜೆಕ್ಟ್. ಅಮ್ಮ ಹುಟ್ಟಿದ್ದು 1959ರಲ್ಲಿ, ತಿಪಟೂರು ಕಡೆಯ ಹಳ್ಳಿಯಲ್ಲಿ, ಮನೆಯಲ್ಲೇ ಹೆರಿಗೆ. ಯಾರೂ ಬರೆಸಿಲ್ಲ. ಏಜೆಂಟ್ ಒಬ್ಬರ ಮಾತು ಕೇಳಿ ಮೊದಲ ಸಲ ಶಾಲೆಯ ಟಿಸಿ ಮಾತ್ರ ಹಾಕಿದೆ. ಎರಡನೇ ಸಲ ಊರಿಂದ ‘ದಾಖಲೆ ಲಭ್ಯವಿಲ್ಲ’ ಅನ್ನುವ ಪತ್ರ ತರಿಸಿ ಹಾಕಿದೆ. ಅದೂ ವಾಪಸ್. ಲಾಯರ್ ಹಿಡೀಬೇಕಾ?

ಫೈಲುಪುರಾಣ:
ತಡೀರಿ, ಲಾಯರ್ ಆಮೇಲೆ. ಆ ಪತ್ರ ಕನ್ನಡದಲ್ಲಿದೆಯಾ? ಅನುವಾದ ಎಲ್ಲಿ ಹಾಕಿದಿರಿ? ಎರಡನೇ ಸಲ ಟಿಸಿ ಜೊತೆಗಿತ್ತಾ?

ತೆಂಗಿನಸೀಮೆ:
ಕನ್ನಡದಲ್ಲೇ ಇದೆ. ಇಂಗ್ಲಿಷ್ ಅನುವಾದ ಬೇರೆ ಫೈಲ್ ಮಾಡಿ ಇನ್ನೊಂದು ಕಡೆ ಹಾಕಿದೆ. ಟಿಸಿ ಹೋದ ಸಲವೇ ಕೊಟ್ಟಿದ್ದೆನಲ್ಲ ಅಂತ ಮತ್ತೆ ಹಾಕಲಿಲ್ಲ.

ಫೈಲುಪುರಾಣ:
ಅಲ್ಲೇ ಇರುವುದು ಎಡವಟ್ಟು. ದಾಖಲೆ ಹಾಕುವ ಸಿಯಾಕ್ ವೆಬ್‌ಸೈಟಿನಲ್ಲಿ ಒಂದು ದಾಖಲೆಯ ಜಾಗಕ್ಕೆ ಸೇರಿದ್ದೆಲ್ಲ ಒಂದೇ ಫೈಲಿನಲ್ಲಿ ಇರಬೇಕು. ಮೂಲ, ಅದರ ಹಿಂಬದಿ, ಅನುವಾದ, ಎಲ್ಲವೂ. ನೋಡುವವರು ಆ ಫೈಲ್ ತೆರೆದಾಗ ಅವರಿಗೆ ಕಂಡಿದ್ದು ಓದಲು ಬಾರದ ಒಂದು ಹಾಳೆ, ಅಷ್ಟೇ.

ಜನನ ಮರಣ ನೋಂದಣಿ ಕಾಯ್ದೆ 1969ರದು, ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಅದಕ್ಕೂ ಮೊದಲು ಹುಟ್ಟಿದ ನಮ್ಮ ಹಳ್ಳಿ ಕಡೆಯವರ ಹತ್ತಿರ ಸರ್ಟಿಫಿಕೇಟ್ ಇಲ್ಲದಿರುವುದು ಅಮೆರಿಕದವರಿಗೂ ಗೊತ್ತು. ಹಾಗಾಗಿ ಬದಲಿ ದಾಖಲೆ ಒಪ್ಪುತ್ತಾರೆ. ಆದರೆ ಟಿಸಿ ಒಂದೇ ಸಾಲದು, ಪತ್ರ ಒಂದೇ ಸಾಲದು. ಅಲಭ್ಯತಾ ಪತ್ರ ನಮೂನೆ 10ರಲ್ಲಿದೆಯಾ ನೋಡಿ. ಅದರ ಹಿಂದೆ ಟಿಸಿ, ಆಮೇಲೆ ಅಮ್ಮನಿಗಿಂತ ದೊಡ್ಡವರಾದ ಹತ್ತಿರದ ಸಂಬಂಧಿಕರ ಅಫಿಡವಿಟ್. ಹುಟ್ಟಿದ ತಾರೀಖು, ಊರು, ತಂದೆ ತಾಯಿ ಹೆಸರು ಅದರಲ್ಲಿ ಬರಲೇಬೇಕು. ಕನ್ನಡದ ಪ್ರತಿ ಹಾಳೆಗೂ ಬೆನ್ನಿಗೇ ಅನುವಾದ ಇಡಿ. ಕೋರ್ಟಿನ ಅನುವಾದಕರೇ ಆಗಬೇಕಿಲ್ಲ. ಎರಡೂ ಭಾಷೆ ಚೆನ್ನಾಗಿ ಬಲ್ಲವರು ‘ಅನುವಾದ ಸರಿಯಿದೆ, ನನಗೆ ಈ ಭಾಷೆಗಳು ಬರುತ್ತವೆ’ ಎಂದು ಬರೆದು ಸಹಿ ಮಾಡಿದರೆ ಆಯಿತು.

ಫೈಲ್ 4 ಎಂಬಿ ಮೀರಬಾರದು. ಮೊಬೈಲಿನಲ್ಲಿ ಹೊಡೆದ ಫೋಟೋ ಸೇರಿಸಿದರೆ ಸುಮ್ನೆ ಹದಿನೈದು ಎಂಬಿ ಆಗಿಬಿಡುತ್ತದೆ. ಸ್ಕ್ಯಾನರಿನಲ್ಲಿ ಮಾಡಿ, ಸೀಲು ಓದುವಂತಿರಲಿ.

ತೆಂಗಿನಸೀಮೆ:
ಸೋದರಮಾವ ಇದ್ದಾರೆ, ಎಂಬತ್ತರ ಮೇಲೆ. ಅವರ ಕೈಲಿ ಬರೆಸಬಹುದು. ಇನ್ನೊಂದು ತಲೆನೋವು. ಟಿಸಿಯಲ್ಲಿ ಅಮ್ಮನ ಹೆಸರಿಗೆ ಎರಡು ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್.

ಹಾಸನದಕ್ಕ:
ನಮ್ಮ ಕಡೆ ಯಾರ ಮನೇಲಿ ಇಲ್ಲ ಹೇಳಿ ಇದು! ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಮದುವೆಯಾದ ಮೇಲೆ ಎರಡೂ ಮಾಯ. ನಮ್ಮತ್ತೆ ಕೇಸಿನಲ್ಲಿ ಮಾಡಿದ್ದು ಇಷ್ಟೇ: ಅದೇ ಅಫಿಡವಿಟ್‌ನಲ್ಲಿ ‘ಈ ಎರಡು ಹೆಸರೂ ಒಬ್ಬರದೇ’ ಅಂತ ಒಂದು ಸಾಲು ಸೇರಿಸಿದೆವು. ಡಿಎಸ್-260ರಲ್ಲಿ ಬೇರೆ ಹೆಸರು ಇದೆಯಾ ಅಂತ ಕೇಳುವ ಕಡೆ ಶಾಲೆಯ ಹೆಸರು ಬರೆದಿದ್ದೀರಾ?

ತೆಂಗಿನಸೀಮೆ:
‘ಇಲ್ಲ’ ಅಂತ ಒತ್ತಿದ್ದೇನೆ ಅಕ್ಕ.

ಫೈಲುಪುರಾಣ:
ಸಲ್ಲಿಸಿದ ಮೇಲೆ ನಾವಾಗಿ ತಿದ್ದಲು ಬರುವುದಿಲ್ಲ. ಫಾರಂ ಮತ್ತೆ ತೆರೆಯಿರಿ ಅಂತ ಎನ್‌ವಿಸಿಗೆ ಬರೆಯಿರಿ. ಇಲ್ಲವೇ ಸಂದರ್ಶನದ ದಿನ ಅಧಿಕಾರಿಗೆ ಮೊದಲೇ ಹೇಳಿ. ಇದಕ್ಕಾಗಿ ಕೇಸ್ ನಿಲ್ಲುವುದಿಲ್ಲ.

ತೆಂಗಿನಸೀಮೆ:
ಅಪ್ಪನನ್ನು ಒಬ್ಬರನ್ನೇ ಸಂದರ್ಶನಕ್ಕೆ ಕರೆದುಬಿಟ್ಟರೆ? ಅಮ್ಮನಿಗೆ ಈಗಲೇ ಮೆಡಿಕಲ್ ಮಾಡಿಸಿಬಿಡಲಾ?

ಫೈಲುಪುರಾಣ:
ಮೆಡಿಕಲ್ ಈಗ ಬೇಡ. ಸಂದರ್ಶನದ ಪತ್ರ ಬಂದ ಮೇಲೆ, ಕಾನ್ಸುಲೇಟ್ ಗೊತ್ತು ಮಾಡಿದ ಡಾಕ್ಟರ ಹತ್ತಿರವೇ.

ತಂದೆ ತಾಯಿಗೆ ಕೊಡುವುದು ಐಆರ್-5 ವೀಸಾ, ಅದಕ್ಕೆ ವಾರ್ಷಿಕ ಮಿತಿ ಇಲ್ಲ. ಅಣ್ಣತಮ್ಮಂದಿರ ಎಫ್4 ವೀಸಾ ಥರ, ಸರದಿ ಎಲ್ಲಿಗೆ ಬಂತು ಅಂತ ತಿಂಗಳು ತಿಂಗಳು ಹೇಳುವ ವೀಸಾ ಬುಲೆಟಿನ್ ನೋಡುತ್ತಾ ವರ್ಷಗಟ್ಟಲೆ ಕೂರಬೇಕಾಗಿಲ್ಲ. ಡಿಕ್ಯೂ ಆದವರಿಗೆ ಮುಂಬೈ ಕಾನ್ಸುಲೇಟ್ ಎಷ್ಟು ಜಾಗ ಕೊಡುತ್ತದೋ ಅಷ್ಟು ಜನಕ್ಕೆ ಎನ್‌ವಿಸಿ ದಿನ ಹಾಕುತ್ತದೆ. ಬಿಎಂಬಿ ಅಂತ ಶುರುವಾಗುವ ನಿಮ್ಮ ಎರಡೂ ಕೇಸ್ ನಂಬರನ್ನು ಬರೆದು ಒಟ್ಟಿಗೆ ಕರೆಯಿರಿ ಅಂತ ಈಗಲೇ ಕೇಳಿಡಿ. ಖಾತ್ರಿ ಇಲ್ಲ, ಕೇಳಿದರೆ ನಷ್ಟವೂ ಇಲ್ಲ. ಅಮ್ಮನ ಫೈಲ್ ಮತ್ತೆ ಹಾಕಿದಾಗ ಪುನಃ ಸರದಿಯಲ್ಲಿ ನಿಲ್ಲುತ್ತದೆ. ಅದಕ್ಕೇ ಹೇಳುವುದು, ಮೂರನೇ ಸಲ ಅವಸರ ಮಾಡಬೇಡಿ.

ತೆಂಗಿನಸೀಮೆ (ಕೆಲವು ವಾರಗಳ ನಂತರ):
ಅಮ್ಮನದೂ ಡಿಕ್ಯೂ ಆಯಿತು! ಒಂಬತ್ತು ಹಾಳೆ, 3.1 ಎಂಬಿ. ಮಾವನಿಗೆ ನೋಟರಿ ಹತ್ತಿರ ಹೋಗಿ ಬರುವುದೇ ಜಾತ್ರೆಯಾಯಿತಂತೆ. ಈಗ ಅಮ್ಮ ಹಳೇ ಟಿಸಿ ಹರಿದೀತು ಅಂತ ಲ್ಯಾಮಿನೇಷನ್ ಮಾಡಿಸಲು ಹೊರಟಿದ್ದಾರೆ. ಪರವಾಗಿಲ್ವಾ?

ಹಾಸನದಕ್ಕ:
ಅಯ್ಯೋ ಬೇಡ, ತಡೆಯಿರಿ. ಮುಂಬೈಗೆ ಒರಿಜಿನಲ್ಲೇ ಒಯ್ಯಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಲಿ ಸಾಕು.